ಕೆಂಪು ಆಂಟಿ

ನನ್ನ ಮಗಳು ನನ್ನನ್ನು ಗುರುತಿಸುವುದು ಮುಖದಿಂದಲ್ಲ ಎಂದು ನನಗೆ ಗೊತ್ತಾಗಿದ್ದು ಒಂದು ಟವೆಲ್ಲಿನಿಂದ. ಆಗ ಅವಳಿಗೆ ಐದು ತುಂಬಿತ್ತು. ಒಂದು ಭಾನುವಾರ ಎಣ್ಣೆ ನೀರು ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ, ತಂಗಿ ಕೊಟ್ಟಿದ್ದ ಹೊಸ ಚೂಡಿದಾರ ತೊಟ್ಟು ಬಚ್ಚಲಿನಿಂದ ಹೊರಬಂದೆ. ಅವಳು ನಡುಮನೆಯಲ್ಲಿ ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತ ಕೂತಿದ್ದಳು. ನನ್ನ ಕಾಲು ನೋಡಿದಳು, ಒಮ್ಮೆ ಮೇಲೆ ನೋಡಿದಳು, ಎದ್ದು ಹೋಗಿ ಬೀರುವಿನ ಸಂದಿಯಲ್ಲಿ ನಿಂತುಕೊಂಡಳು. ಮನೆಗೆ ಹೊಸಬರು ಬಂದಾಗ ಅವಳು ನಿಲ್ಲುವ ಜಾಗ ಅದು. ಆಟ ಆಡುತ್ತಿದ್ದಾಳೆ ಎಂದುಕೊಂಡು ನಾನು ನಗುತ್ತಲೇ ಹತ್ತಿರ ಹೋದೆ. ಅವಳು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. "ನಾನು ಕಣೇ" ಅಂದಾಗ, ಆ ದನಿ ಎಲ್ಲಿಂದ ಬಂತೆಂದು ನನ್ನ ಬೆನ್ನ ಹಿಂದೆ ಇಣುಕಿ ಹುಡುಕಿದಳು.

ನನಗೆ ಕೆಟ್ಟ ಸಿಟ್ಟು ಬಂತು. ನಾನು ಮೊದಲಿನಿಂದಲೂ ಮುಂಗೋಪಿ, ಅರಸೀಕೆರೆ ಪೇಟೆಯಲ್ಲಿ ಬೆಳೆದವಳು, ಮನಸ್ಸಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಇಲ್ಲ. ಟವೆಲ್ ಕಿತ್ತೆಸೆದು, ಚೂಡಿದಾರ ಕಳಚಿ, ದಿನಾ ಹಾಕುವ ನೀಲಿ ಹೂವಿನ ನೈಟಿ ಹಾಕಿಕೊಂಡು ಮತ್ತೆ ಬಂದೆ. ಅವಳು ಸಂದಿಯಿಂದ ಹೊರಬಂದು, ನೈಟಿಯ ಅಂಚು ಹಿಡಿದು ಎರಡು ಬೆರಳಿನ ನಡುವೆ ಉಜ್ಜತೊಡಗಿದಳು. ಏನೂ ನಡೆದೇ ಇಲ್ಲವೆಂಬಂತೆ "ಅಮ್ಮ" ಅಂದಳು. ಆಗ ಅವಳಿಗೆ ಇದ್ದದ್ದು ಅಂಥ ಬಿಡಿ ಮಾತುಗಳು ಮಾತ್ರ. ಅಮ್ಮ, ನೀರು, ಬೇಡ, ಚಿಲಕ. ಎರಡು ಮಾತು ಸೇರಿಸಿ ಹೇಳಿದವಳಲ್ಲ.

ಹಾಸನದಲ್ಲಿ ಅವಳನ್ನು ವಾರಕ್ಕೊಮ್ಮೆ ತೋರಿಸುತ್ತಿದ್ದ ಥೆರಪಿ ಮೇಡಂಗೆ ಇದನ್ನು ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. "ನಮಗೆ ಮುಖ ಅನ್ನೋದು ಇಡಿಯಾಗಿ ಒಂದೇ ಸಲ ಕಾಣುತ್ತೆ. ಆಟಿಸಂ ಇರೋ ಕೆಲವು ಮಕ್ಕಳಿಗೆ ಅದು ಬಿಡಿಬಿಡಿಯಾಗಿ ಸಿಗುತ್ತೆ. ಒಂದು ಮೂಗು, ಒಂದು ಬೊಟ್ಟು, ಒಂದು ಹಲ್ಲು. ಅದನ್ನೆಲ್ಲ ಜೋಡಿಸಿ ಇದು ಅಮ್ಮ ಅಂತ ಇಟ್ಟುಕೊಳ್ಳೋದು ಅವರಿಗೆ ಕಷ್ಟ. ಹಾಗಾಗಿ ಬೇರೆ ಗುರುತು ಇಟ್ಟುಕೊಂಡಿರ್ತಾರೆ" ಅಂದರು. ಎಲ್ಲ ಮಕ್ಕಳೂ ಹಾಗಲ್ಲ, ಒಮ್ಮೆ ಕಂಡ ಮುಖ ಎಂದೂ ಮರೆಯದ ಮಕ್ಕಳೂ ತಮ್ಮಲ್ಲಿಗೆ ಬರುತ್ತಾರೆ ಎಂದೂ ಹೇಳಿದರು. ಹೊರಡುವಾಗ ಬಾಗಿಲ ತನಕ ಬಂದು, "ನಿಮ್ಮಲ್ಲಿ ಏನಾದ್ರೂ ಬದಲಾಯಿಸೋದಿದ್ರೆ ಒಂದೊಂದಾಗಿ ಬದಲಾಯಿಸಿ. ಎಲ್ಲ ಒಟ್ಟಿಗೆ ಮಾತ್ರ ಬೇಡ" ಅಂದರು. ಆ ಮಾತನ್ನು ನಾನು ಬಸ್ಸಿನಲ್ಲಿ ಬರುವಾಗಲೂ ಮೆಲುಕು ಹಾಕುತ್ತಲೇ ಬಂದೆ.

ಮಾದಿಹಳ್ಳಿಯ ನಮ್ಮ ಮನೆಯಲ್ಲಿ ಯಾರ ಗುರುತು ಏನೆಂದು ಆಮೇಲೆ ಒಂದೊಂದೇ ತಿಳಿಯಿತು. ನನ್ನ ಗಂಡನದು ಕೊಬ್ಬರಿ ವ್ಯಾಪಾರ. ಊರೂರಿನಿಂದ ಕೊಬ್ಬರಿ ಕೊಂಡು ಲಗೇಜ್ ಆಟೋದಲ್ಲಿ ಅರಸೀಕೆರೆ ಮಾರುಕಟ್ಟೆಗೆ ಹಾಕಿ ಬರುತ್ತಾರೆ. ಅವರ ಅಂಗಿಯಿಂದ ಕೊಬ್ಬರಿ ವಾಸನೆ ಎಷ್ಟು ಒಗೆದರೂ ಹೋಗುವುದಿಲ್ಲ. ಮಗಳಿಗೆ ಅಪ್ಪ ಎಂದರೆ ಆ ವಾಸನೆ. ಅತ್ತೆ ಎಂದರೆ ಅವರ ಕೆಮ್ಮು. ನಾನು ಎಂದರೆ ನೈಟಿ, ಒಂದು ಪಟ್ಟಿ ಹಸಿರು ಒಂದು ಪಟ್ಟಿ ನೀಲಿ ಇರುವ ಹವಾಯಿ ಚಪ್ಪಲಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಆಮೇಲೆ ನನ್ನ ಗಂಟಲು. ಅವಳಿಗೆ ಕೈ ಹಿಡಿಸಿಕೊಳ್ಳುವುದು ಆಗುವುದಿಲ್ಲ, ಕಿರುಚುತ್ತಾಳೆ. ಬಟ್ಟೆಯ ಅಂಚು ಹಿಡಿದು ಹಿಂದೆ ಬರುತ್ತಾಳೆ. ಸೀರೆಯುಟ್ಟು ಬೇಲೂರಿಗೆ ಹೊರಟರೆ ಚಪ್ಪಲಿ ನೋಡಿ ಒಪ್ಪಿಕೊಂಡು ಸೆರಗು ಹಿಡಿಯುತ್ತಿದ್ದಳು. ಸದ್ಯ ಅಷ್ಟಾದರೂ ಇತ್ತು.

ಒಂದು ಮಧ್ಯಾಹ್ನ ಅವಳು ಮನೆಯಲ್ಲಿ ಕಾಣಲಿಲ್ಲ. ಹುಡುಕಿಕೊಂಡು ಓಡಿದರೆ ಗದ್ದೆಯ ಏರಿಯ ಮೇಲೆ, ಪಕ್ಕದ ಮನೆಯಾಕೆಯ ನೈಟಿ ಹಿಡಿದು ಹೋಗುತ್ತಿದ್ದಾಳೆ. ಆಕೆಯದೂ ನೀಲಿ ಹೂವು. ಬಟ್ಟೆ ಗಾಡಿಯವನು ಊರು ತುಂಬ ಅದೇ ಮಾರಿ ಹೋಗಿದ್ದ. ಆಕೆ ಫೋನಿನಲ್ಲಿ ಮಾತಾಡುತ್ತ ನಡೆದಿದ್ದವಳು, ಹಿಂದೆ ಮಗು ಇರುವುದೇ ಗೊತ್ತಿರಲಿಲ್ಲ. ನಾನು ಅಂದೇ ಆಕೆಗೆ ನನ್ನ ಒಂದು ಒಳ್ಳೆಯ ಸೀರೆ ಕೊಟ್ಟು ಆ ನೈಟಿ ಇಸಿದುಕೊಂಡೆ. "ಇದೇನ್ರೀ ನಿಮಗೆ ಹುಚ್ಚು" ಎಂದು ಆಕೆ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಏರಿಯ ಆಚೆ ನಾಲೆ ಇತ್ತು.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಎಲ್ಲರ ಫೋನಿಗೂ ಮಕ್ಕಳ ಕಳ್ಳರ ಸುದ್ದಿ ಬರತೊಡಗಿತ್ತು. ಹೆಂಗಸರ ವೇಷದಲ್ಲಿ ಬರುತ್ತಾರೆ, ಸಾಧುಗಳ ವೇಷದಲ್ಲಿ ಬರುತ್ತಾರೆ, ಎಚ್ಚರ. ಎಲ್ಲೋ ಯಾವನೋ ಒಬ್ಬ ಕಂಬಳಿ ಮಾರುವವನನ್ನು ಕಂಬಕ್ಕೆ ಕಟ್ಟಿದ ವಿಡಿಯೋ ಬಂತು. ಯಾವ ಊರು ಎಂದು ಯಾರಿಗೂ ಗೊತ್ತಿಲ್ಲ, ಆದರೆ ನೋಡದವರಿಲ್ಲ. ಅವನ ತುಟಿ ಒಡೆದಿತ್ತು. ಅವನು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಯಾರೋ ಹೊಡೆಯುತ್ತಿದ್ದರು. ನಮ್ಮತ್ತೆ ಅದನ್ನು ನೋಡಿ, "ಸರಿಯಾಗೇ ಮಾಡವ್ರೆ" ಎಂದು ಗೇಟಿಗೆ ಬೀಗ ಹಾಕಿಸಿದರು. ಸಂಜೆ ಆಗುತ್ತಲೇ ಬಾಗಿಲ ಚಿಲಕ ಹಾಕುವುದನ್ನು ಮಗಳಿಗೂ ಕಲಿಸಿದರು.

ಅದೇ ಚಳಿಯಲ್ಲಿ ಅತ್ತೆ ನನ್ನ ಹೆಸರಿನಲ್ಲಿ ಹರಕೆ ಹೊತ್ತರು. ಓಂ ಶಕ್ತಿ ಮಾಲೆ ನಮ್ಮ ಕಡೆಯ ಹೆಂಗಸರಿಗೆ ಹೊಸದಲ್ಲ. ಮಾಲೆ ಹಾಕಿಕೊಂಡು, ಯಾತ್ರೆ ಮುಗಿಯುವ ತನಕ ಕೆಂಪು ಸೀರೆ, ಕೆಂಪು ರವಿಕೆ, ಬರಿಗಾಲು, ಹಣೆ ತುಂಬ ಕುಂಕುಮ. ಬೆಳಗ್ಗೆ ಸಂಜೆ ತಲೆಗೆ ನೀರು, ಎಣ್ಣೆ ಮುಟ್ಟುವಂತಿಲ್ಲ. ಆಮೇಲೆ ಬಸ್ಸು ಮಾಡಿಕೊಂಡು ತಮಿಳುನಾಡಿನ ಕಡೆ ಹೋಗಿ ಬರುವುದು. ಮೊಮ್ಮಗಳಿಗೆ ಮಾತು ಬರಲಿ ಎಂಬುದು ಅತ್ತೆಯ ಬೇಡಿಕೆ. ನಾನು ಮೇಡಂ ಹೇಳಿದ್ದನ್ನು ಹೇಳಿದೆ. ನೈಟಿ ಹೋಗುತ್ತದೆ, ಚಪ್ಪಲಿ ಹೋಗುತ್ತದೆ, ಎಣ್ಣೆ ಹೋಗುತ್ತದೆ, ಎಲ್ಲ ಒಟ್ಟಿಗೆ ಹೋಗುತ್ತದೆ ಅತ್ತೆ, ಅವಳಿಗೆ ನಾನು ಯಾರೆಂದು ಗೊತ್ತಾಗುವುದಿಲ್ಲ ಎಂದೆ.

"ಹೆತ್ತ ತಾಯಿ ಗುರ್ತು ಸಿಗಕ್ಕಿಲ್ವಾ? ಯಾವ ಮೇಡಮ್ಮು ಹಂಗಂದೋಳು?" ಅಂದರು ಅತ್ತೆ. "ಹರಕೆ ಹೊತ್ತಾಗೈತೆ. ಬಿಟ್ರೆ ಅದರ ಪಾಪ ಕೂಸಿನ ಮ್ಯಾಲೆ ಬತ್ತೈತೆ. ಆಮೇಕೆ ನನ್ನ ಅನ್ಬ್ಯಾಡ."

ಆ ಕೊನೆಯ ಮಾತಿಗೆ ಯಾವ ತಾಯಿ ಎದುರು ನಿಲ್ಲುತ್ತಾಳೆ? ನನ್ನ ಗಂಡ ಊಟದ ತಟ್ಟೆ ಬಿಟ್ಟು ತಲೆ ಎತ್ತಲಿಲ್ಲ. ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದು, ಮಾರನೆಯ ದಿನ ಮಾಲೆ ಹಾಕಿಕೊಂಡೆ.

ಕೆಂಪು ಸೀರೆಯುಟ್ಟು ಮನೆಗೆ ಬಂದ ದಿನ ಮಗಳು ಬೀರುವಿನ ಸಂದಿಗೆ ಹೋದಳು. ಒಂದೆರಡು ದಿನ ನನ್ನ ದನಿ ಕೆಲಸ ಮಾಡಿತು. ಅಡಿಗೆ ಮನೆಯಿಂದ ಮರೆಯಲ್ಲಿ ನಿಂತು ಕರೆದರೆ ಬರುತ್ತಿದ್ದಳು, ನನ್ನನ್ನು ಕಂಡು ಹೊಸ್ತಿಲಲ್ಲೇ ನಿಲ್ಲುತ್ತಿದ್ದಳು. ಆಮೇಲೆ ಬೆಳಗಿನ ತಣ್ಣೀರಿಗೂ ಸಂಜೆಯ ಭಜನೆಗೂ ನನ್ನ ಗಂಟಲು ಕಟ್ಟಿಹೋಯಿತು. ಗೊಗ್ಗರು ದನಿ. ಅದರೊಂದಿಗೆ ನನ್ನ ಕೊನೆಯ ಗುರುತೂ ಹೋಯಿತು. ಅವಳು ಅಜ್ಜಿಯ ಪಕ್ಕ ಮಲಗತೊಡಗಿದಳು. ನಾನು ತಟ್ಟೆಯಲ್ಲಿ ಅನ್ನ ಇಟ್ಟರೆ, ಶಾಲೆಯಲ್ಲಿ ಕಲಿಸಿದ್ದಂತೆ "ಆಂಟಿ" ಅನ್ನುತ್ತಿದ್ದಳು. ಗುರುತಿಲ್ಲದ ಹೆಂಗಸರನ್ನೆಲ್ಲ ಅವಳು ಕರೆಯುವುದು ಹಾಗೆ. ನೈಟಿಯನ್ನು ಬೀರುವಿನಿಂದ ಎಳೆದು ತಂದು ಅದನ್ನು ಹಿಡಿದು ಮನೆಯೆಲ್ಲ ಹುಡುಕಿದಳು. ಬಚ್ಚಲು, ಹಿತ್ತಿಲು, ಕೊಟ್ಟಿಗೆ. ನಾನು ಅವಳ ಹಿಂದೆಯೇ ಇದ್ದೆ.

ಯಾತ್ರೆಗೆ ಹೊರಡುವ ಮುಂಚೆ ನಮ್ಮ ಗುಂಪಿನವರು ಒಂದು ಟೆಂಪೋ ಮಾಡಿಕೊಂಡು ಬೇಲೂರಿಗೂ ಹಳೇಬೀಡಿಗೂ ಹೋಗಿ ಕೈ ಮುಗಿದು ಬರುವುದು ರೂಢಿ. ಹರಕೆ ಇರುವುದು ಮಗುವಿನ ಹೆಸರಿನಲ್ಲಿ, ಮಗು ಬರಲೇಬೇಕು ಎಂದರು. ಅತ್ತೆ ಮಂಡಿ ನೋವಿನಿಂದ ಮನೆಯಲ್ಲೇ ಉಳಿದರು. ಟೆಂಪೋದಲ್ಲಿ ಭಜನೆ, ತಮಟೆ, ಹಾರನ್ನು. ಅವಳ ಕಿವಿಗೆ ಸದ್ದು ತಡೆಯುವ ದಪ್ಪ ಮುಚ್ಚಳ ಹಾಕಿದೆ. ಹಾಡು ಬರುವಂಥದ್ದಲ್ಲ, ಹೊರಗಿನ ಸದ್ದನ್ನು ತಗ್ಗಿಸುವಂಥದ್ದು, ಮೇಡಂ ತರಿಸಿಕೊಟ್ಟಿದ್ದರು. ನನ್ನ ಸೆರಗನ್ನು ನಾನೇ ಅವಳ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಬಟ್ಟೆ ನೋಡಿ, ಹಿಡಿದುಕೊಂಡಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಬೇಲೂರು ಮುಟ್ಟುವ ತನಕ ಅಲುಗಾಡದೆ ಕೂತಿದ್ದೆ. ಅಲ್ಲಿ ಕೈ ಮುಗಿದು ಹಳೇಬೀಡಿಗೆ ಹೊರಟೆವು.

ಹಳೇಬೀಡಿನ ದೇವಸ್ಥಾನದ ಮುಂದೆ ಇಳಿದೆವು. ಅಂದು ಮಾಲೆಯವರ ಬಸ್ಸುಗಳು ಸಾಲಾಗಿ ನಿಂತಿದ್ದವು. ರಸ್ತೆಯ ಈ ತುದಿಯಿಂದ ಆ ತುದಿಗೆ ಕೆಂಪೋ ಕೆಂಪು. ಎಲ್ಲರದೂ ಒಂದೇ ಸೀರೆ, ಬರಿಗಾಲು, ಒದ್ದೆ ಕೂದಲು, ಕುಂಕುಮ. ನಾನೇ ನಮ್ಮ ಗುಂಪಿನವರು ಯಾರು, ಬೇರೆಯವರು ಯಾರು ಎಂದು ಒಬ್ಬೊಬ್ಬರ ಮುಖ ಬಗ್ಗಿ ನೋಡಬೇಕಾಯಿತು. ನಡೆಯುವಾಗ ಸೆರಗು ಬಿಗಿಯಾಗಿ ಎಳೆದಂತಾಗುತ್ತಿತ್ತು, ಅದೊಂದೇ ಧೈರ್ಯ. ಎಳನೀರಿನ ಗಾಡಿಯ ಹತ್ತಿರ ಜನ ಹೆಚ್ಚಿದ್ದರಿಂದ ದಾರಿ ಬಿಡುವ ತನಕ ಸುಮಾರು ಹೊತ್ತು ನಿಂತೆ. ಸೆರಗು ಇನ್ನೂ ಎಳೆಯುತ್ತಲೇ ಇತ್ತು. "ಬಾ ಚಿನ್ನ" ಎಂದು ತಿರುಗಿದೆ. ಗಾಡಿಯ ಕಂಬಿಯಲ್ಲಿ ಎದ್ದಿದ್ದ ಒಂದು ಮೊಳೆಗೆ ಸೆರಗು ಸಿಕ್ಕಿಕೊಂಡಿತ್ತು. ಮಗಳು ಇರಲಿಲ್ಲ.

ಕೂಗಿದೆ. ಕಿವಿ ಮುಚ್ಚಿಕೊಂಡ ಮಗುವನ್ನು ಕಟ್ಟಿದ ಗಂಟಲಲ್ಲಿ ಕೂಗಿದೆ. ಯಾರೋ "ಕೆರೆ ಕಡೆ ನೋಡ್ರಪ್ಪ ಮೊದ್ಲು" ಅಂದರು. ನಮ್ಮ ಗುಂಪಿನ ಹೆಂಗಸರು ಕೆರೆಯ ಕಡೆ ಓಡಿದರು. ನಾನು ಮೊಳೆಯಿಂದ ಸೆರಗು ಬಿಡಿಸಿಕೊಳ್ಳುತ್ತಿದ್ದೆ. ಎಳನೀರಿನವನು ಮಚ್ಚು ಕೆಳಗಿಟ್ಟು, "ಕಿವಿಗೇನೋ ದಪ್ಪಂದು ಹಾಕಿದ್ದ ಮಗೀನಾ? ಒಬ್ಬರ ಸೆರಗು ಹಿಡ್ಕಂಡು ಬಸ್ ಹತ್ತಿತ್ತಲ್ಲ ಕಣಮ್ಮ. ಅವರದೇ ಮಗು ಅನ್ಕಂಡೆ. ಜಾವಗಲ್ ಕಡೆ ಹೋಯ್ತು ಬಸ್ಸು" ಅಂದ.

ಗಂಡನಿಗೆ ಫೋನ್ ಮಾಡಿದೆ. ಅವರು ಅರಸೀಕೆರೆ ಮಾರುಕಟ್ಟೆಯಲ್ಲಿದ್ದರು. "ಆ ಕಡೆಯಿಂದ ನಾನು ಬತ್ತೀನಿ, ನೀನು ಹಿಂದಿನಿಂದ ಬಾ" ಅಂದರು, ಬೇರೇನೂ ಕೇಳಲಿಲ್ಲ. ಒಂದು ಆಟೋ ಹತ್ತಿದೆ. ದಾರಿಯುದ್ದಕ್ಕೂ ನಾನು ದೇವರನ್ನು ನೆನೆಯಲಿಲ್ಲ, ಬೈದೆ. ಮಾಲೆ ಕೊರಳಲ್ಲಿ ಇಟ್ಟುಕೊಂಡೇ ಬೈದೆ.

ಜಾವಗಲ್ ದಾಟಿ ಸ್ವಲ್ಪ ದೂರದಲ್ಲಿ ಟೀ ಅಂಗಡಿಯ ಮುಂದೆ ಬಸ್ಸು ನಿಂತಿತ್ತು. ಅದು ಬಾಣಾವರದ ಕಡೆಯವರ ಬಸ್ಸು, ಊರಿಗೆ ವಾಪಸು ಹೊರಟಿತ್ತು. ಹೆಂಗಸರೆಲ್ಲ ಇಳಿದು ಗುಂಪುಗೂಡಿದ್ದರು, ಊರಿನ ಗಂಡಸರೂ ಸೇರಿದ್ದರು. ಟೀಗೆ ಇಳಿದಾಗಲೇ ಅವರಿಗೆ ಈ ಮಗು ಯಾರದ್ದೂ ಅಲ್ಲವೆಂದು ಗೊತ್ತಾಗಿತ್ತು. ನನ್ನ ಮಗಳು ಅಂಗಡಿಯ ಜಗುಲಿಯ ಮೇಲೆ, ದಪ್ಪನೆಯ ಒಬ್ಬ ಹೆಂಗಸಿನ ಪಕ್ಕ, ಆಕೆಯ ಸೆರಗು ಉಜ್ಜುತ್ತ ಆರಾಮವಾಗಿ ಕೂತಿದ್ದಳು. ಬಿಸ್ಕತ್ತು ತಿನ್ನುತ್ತಿದ್ದಳು. ಆ ಸೆರಗನ್ನು ಅವಳು ಹಿಡಿದಿದ್ದ ರೀತಿಗೂ ನನ್ನದನ್ನು ಹಿಡಿದಿದ್ದ ರೀತಿಗೂ ಏನೂ ವ್ಯತ್ಯಾಸ ಇರಲಿಲ್ಲ.

ನಾನು ಯೋಚಿಸಲಿಲ್ಲ. ಓಡಿಹೋಗಿ ಬಾಚಿ ಎತ್ತಿಕೊಂಡೆ. ಅವಳು ಕಿರುಚಿದಳು. ಗುರುತಿಲ್ಲದವರು ಮುಟ್ಟಿದರೆ ಹೇಗೆ ಕಿರುಚುತ್ತಾಳೋ ಹಾಗೆ, ಬೆನ್ನು ಬಿಲ್ಲಿನಂತೆ ಬಾಗಿಸಿ, ನನ್ನ ಕೈ ಕಚ್ಚಿ, ಆ ಹೆಂಗಸಿನ ಕಡೆಗೆ ಕೈ ಚಾಚಿದಳು. ಎಲ್ಲರೂ ನನ್ನ ಸುತ್ತ ಒತ್ತಿ ನಿಂತರು.

"ಯಾರಮ್ಮ ನೀನು?" ಅಂದಳು ಆ ಹೆಂಗಸು, ಮಗುವನ್ನು ನನ್ನಿಂದ ಬಿಡಿಸಿಕೊಳ್ಳುತ್ತ.

"ಇವಳ ತಾಯಿ."

"ತಾಯಿ ಆದ್ರೆ ಯಾಕೆ ಬರ್ತಿಲ್ಲ ನಿನ್ನ ಹತ್ರ?"

ಅವಳಿಗೆ ಆಟಿಸಂ ಇದೆ, ನಾನು ಮಾಲೆ ಹಾಕಿದ್ದರಿಂದ ಗುರುತು ಸಿಗುತ್ತಿಲ್ಲ ಎಂದೆ. ಹೇಳುತ್ತಿರುವಾಗಲೇ ಅದು ಕಟ್ಟಿದ ಕತೆಯಂತೆ ನನಗೇ ಕೇಳಿಸಿತು. ಒಬ್ಬ ಫೋನೆತ್ತಿ ವಿಡಿಯೋ ಮಾಡತೊಡಗಿದ. ಆಟೋದವನನ್ನು ಕೇಳಿದರು. "ನಂಗೇನ್ ಗೊತ್ತಿಲ್ಲ ಕಣ್ರಣ್ಣ, ಹಳೇಬೀಡಲ್ಲಿ ಹತ್ತಿದ್ರು" ಎಂದು ಅವನು ಗಾಡಿ ಹಿಂದಕ್ಕೆ ತೆಗೆದುಕೊಂಡ.

ನಾನು ಫೋನಿನಲ್ಲಿದ್ದ ಫೋಟೋಗಳನ್ನು ತೋರಿಸಿದೆ. ನನ್ನ ಮಗಳು ಎಂದೂ ಕ್ಯಾಮರಾ ನೋಡಿದವಳಲ್ಲ. ಒಂದರಲ್ಲಿ ಬರೀ ಕೆನ್ನೆ, ಒಂದರಲ್ಲಿ ಬೆನ್ನು, ಒಂದರಲ್ಲಿ ಓಡುವಾಗ ಕಲಸಿಹೋದ ತಲೆ. ನಾನೋ ನೈಟಿಯಲ್ಲಿ, ಎಣ್ಣೆ ಬಾಚಿದ ಜಡೆಯಲ್ಲಿ, ಸಣ್ಣ ಸ್ಟಿಕ್ಕರ್ ಬೊಟ್ಟಿನಲ್ಲಿ. ಫೋನು ಕೈಯಿಂದ ಕೈಗೆ ಹೋಯಿತು, ಗಂಡನಿಗೆ ಮಾಡಬೇಕು ಕೊಡಿ ಎಂದರೂ ವಾಪಸು ಬರಲಿಲ್ಲ. ಎಲ್ಲರೂ ಫೋಟೋ ನೋಡುವರು, ನನ್ನನ್ನು ನೋಡುವರು. ಒಬ್ಬಾತ ಫೋನನ್ನು ನನ್ನ ಮುಖದ ಪಕ್ಕಕ್ಕೇ ಹಿಡಿದು ನೋಡಿ, "ಈವಮ್ಮನೇ ಬೇರೆ, ಆವಮ್ಮನೇ ಬೇರೆ ಕಣ್ರಲಾ" ಅಂದ. ಕಣ್ಣು ಸರಿ ಇದ್ದವರು, ಯಾವ ಥೆರಪಿಗೂ ಹೋಗದವರು, ಅವರಿಗೂ ಕಂಡದ್ದು ಕೆಂಪು ಸೀರೆಯೇ.

"ಪಾಪು, ಇವರು ಯಾರು ಹೇಳು" ಎಂದು ದಪ್ಪನೆಯ ಹೆಂಗಸು ಮಗಳ ಕಿವಿಯ ಮುಚ್ಚಳ ಸರಿಸಿ ಕೇಳಿದಳು. ಆಕೆಯ ಮಾತಿನಲ್ಲಿ ಕೆಟ್ಟತನ ಇರಲಿಲ್ಲ, ಇಂದಿಗೂ ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಮಗಳು ನನ್ನ ಕಾಲು ನೋಡಿದಳು. ಬರಿಗಾಲು, ಧೂಳು. ಆಮೇಲೆ ತಲೆ ಎತ್ತಿ ಒಂದು ಕ್ಷಣ ಮೇಲೆ ನೋಡಿದಳು.

"ಆಂಟಿ" ಅಂದಳು.

ಯಾರೋ ಹಿಂದಿನಿಂದ ನನ್ನ ರೆಟ್ಟೆ ಹಿಡಿದರು. ಇನ್ನೊಬ್ಬರು ಕೊರಳ ಮಾಲೆ ಹಿಡಿದು, "ವೇಷ ಹಾಕ್ಕಂಡ್ ಬಂದವ್ಳೆ" ಅಂದರು. ಅಂಗಡಿಯ ಮುಂದೆ ಒಂದು ಲೈಟುಕಂಬ ಇತ್ತು. ನನಗೆ ಆ ಕಂಬಳಿಯವನ ಒಡೆದ ತುಟಿ ನೆನಪಿಗೆ ಬಂತು. ಅವನು ಏನು ಹೇಳಲು ಬಾಯಿ ತೆರೆಯುತ್ತಿದ್ದ ಎಂಬುದು ಈಗ ಗೊತ್ತಾಗುತ್ತಿದೆ ಅನ್ನಿಸಿತು. ನಾನು ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟೆ. ಜಗಳಗಂಟಿ ಎಂದು ಹೆಸರಾದವಳು, ಒಂದು ಮಾತೂ ಆಡದೆ, ಕುಂಕುಮ ಕಣ್ಣೀರಲ್ಲಿ ಕಲಸಿ ಇಳಿಯುವಂತೆ ಅತ್ತೆ. ಪೊಲೀಸಿಗೆ ಫೋನ್ ಮಾಡೋಣ ಎಂದು ಒಬ್ಬರು, ಅವರು ಬರುವ ತನಕ ಬಿಡಬಾರದು ಎಂದು ಇನ್ನೊಬ್ಬರು. ರೆಟ್ಟೆಯ ಮೇಲಿನ ಹಿಡಿತ ಬಿಗಿಯಾಗುತ್ತ ಹೋಯಿತು. ಮಗಳು ಬಿಸ್ಕತ್ತು ಮುಗಿಸಿ ಸೆರಗು ಉಜ್ಜುತ್ತ ನನ್ನ ಕಡೆಗೇ ತಿರುಗಿ ಕೂತಿದ್ದಳು.

ಬಾಣಾವರದ ದಿಕ್ಕಿನಿಂದ ಲಗೇಜ್ ಆಟೋ ಬಂದು ನಿಂತಿತು. ನನ್ನ ಗಂಡ ಇಳಿದು ಜನರ ನಡುವೆ ನುಗ್ಗುವುದರೊಳಗೆ ಮಗಳು ಎದ್ದಿದ್ದಳು. ನೆಟ್ಟಗೆ ಹೋಗಿ ಅವರ ಅಂಗಿಗೆ ಮೂಗು ಒತ್ತಿ ನಿಂತಳು. "ಅಪ್ಪ."

"ನನ್ನ ಹೆಂಡ್ತಿ ಕಣ್ರಪ್ಪ ಅವ್ಳು. ಬಿಡ್ರಿ ಕೈಯ" ಅಂದರು ಅವರು. ಬಿಟ್ಟರು. ಅಷ್ಟು ಹೊತ್ತು ನಾನು ಹೇಳಿದ್ದನ್ನು ನಂಬದವರು ಅವರ ಒಂದು ಮಾತನ್ನು ನಂಬಿದರು. ವಿಡಿಯೋ ಮಾಡುತ್ತಿದ್ದವನು ಫೋನು ಜೇಬಿಗೆ ಹಾಕಿಕೊಂಡ. ದಪ್ಪನೆಯ ಹೆಂಗಸು ನನ್ನ ಕಾಲಿಗೆ ಬೀಳಲು ಬಂದಳು, ಮಾಲೆ ಹಾಕಿದವರನ್ನು ಅವಮಾನ ಮಾಡಿದ್ದಕ್ಕೆ. ನಾನು ಹಿಂದೆ ಸರಿದೆ.

ಲಗೇಜ್ ಆಟೋದಲ್ಲಿ ಅವಳು ಅಪ್ಪನ ಆಚೆ ಪಕ್ಕ ಕೂತಳು, ನಾನು ಈಚೆ.

ಮನೆಗೆ ಬಂದವಳೇ ಮಾಲೆ ತೆಗೆದು ದೇವರ ಪಟಕ್ಕೆ ಹಾಕಿದೆ. "ಯಾತ್ರೆಗೆ ಮುಂಚೆ ತೆಗೀಬಾರ್ದು ಕಣೇ" ಎಂದು ಅತ್ತೆ ಅಡ್ಡ ಬಂದರು. "ತೆಗೆದಾಯ್ತು ಅತ್ತೆ" ಅಂದೆ. ಸೀರೆ ನೆನೆಸಿ, ಒಗೆದು, ಅಂಗಳದ ತಂತಿಗೆ ಹಾಕಿದೆ. ಬಿಸಿನೀರು ಹಾಕಿಕೊಂಡೆ, ಕೂದಲಿಗೆ ಎಣ್ಣೆ ಹಚ್ಚಿದೆ, ನೀಲಿ ಹೂವಿನ ನೈಟಿ ತೊಟ್ಟೆ, ಎಂದೂ ಮನೆಯೊಳಗೆ ಚಪ್ಪಲಿ ಮೆಟ್ಟದವಳು ಮೆಟ್ಟಿಕೊಂಡೇ ನಡುಮನೆಗೆ ಹೋದೆ. ಸಂಜೆಯ ಬೆಳಕು ಬಾಗಿಲಿನಿಂದ ಬೀಳುತ್ತಿತ್ತು. ಮಗಳು ಮುಚ್ಚಳ ಜೋಡಿಸುತ್ತಿದ್ದವಳು ಚಪ್ಪಲಿ ನೋಡಿದಳು. ಮುಚ್ಚಳಗಳನ್ನು ಚೆಲ್ಲಿ ಓಡಿಬಂದು ನೈಟಿಯ ಅಂಚು ಎರಡೂ ಕೈಯಲ್ಲಿ ಹಿಡಿದಳು.

"ಅಮ್ಮ ಬಂತು" ಅಂದಳು.

ಎರಡು ಮಾತು. ಅಡಿಗೆ ಮನೆಯಲ್ಲಿ ಅತ್ತೆಯ ಕೈಯ ಸೌಟು ನಿಂತಿತು. ನಾನು ಕೆಳಗೆ ಕೂತೆ. ಇಷ್ಟು ದಿನ ಎಲ್ಲಿಗೋ ಹೋಗಿದ್ದು ಈಗ ಬಂದವಳಿಗೆ ಹೇಳುವಂತೆ ಅವಳು ನನಗೆ ಸುದ್ದಿ ಹೇಳತೊಡಗಿದಳು.

"ಕೆಂಪು ಆಂಟಿ ಅಳ್ತು." ತನ್ನ ಕಣ್ಣಿನ ಕೆಳಗಿನಿಂದ ಗಲ್ಲದ ತನಕ ಬೆರಳು ಎಳೆದು ತೋರಿಸಿದಳು. "ಇಲ್ಲಿ ನೀರು." ಮೂಗಿನ ಪಕ್ಕ ಮುಟ್ಟಿದಳು. "ಇಲ್ಲಿ ಕೆಂಪು."

ಕುಂಕುಮ ಇಳಿದ ಜಾಗ ಅದೇ. ನನ್ನ ಮಗಳು ಮುಖ ನೋಡುವುದಿಲ್ಲ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅವಳು ನೋಡಿದ್ದಳು. ಕಣ್ಣು, ನೀರು, ನೀರು ಹರಿದ ದಾರಿ, ಒಂದನ್ನೂ ಬಿಡದೆ ನೆನಪಿಟ್ಟುಕೊಂಡಿದ್ದಳು. ಅದು ನನ್ನ ಮುಖ ಎಂಬುದೊಂದೇ ಅದರಲ್ಲಿ ಇರಲಿಲ್ಲ. ಹೇಳಲು ನಾಲಿಗೆ ತುದಿಗೆ ಬಂದಿತ್ತು, ಅದು ನಾನೇ ಕಣೇ ಎಂದು. ಹೇಳಿದರೆ ಈ ನೈಟಿಯನ್ನೂ ಬಿಟ್ಟುಬಿಟ್ಟಾಳೆಂದು ಹೆದರಿ ಸುಮ್ಮನಾದೆ.

"ನೋಡು, ಮಾತು ಬಂತು. ತಾಯಿ ಕೈ ಬಿಡ್ಲಿಲ್ಲ" ಎಂದು ಅತ್ತೆ ಬಾಗಿಲಲ್ಲಿ ನಿಂತು ಕೈ ಮುಗಿದು ಅಳುತ್ತಿದ್ದರು. ಗಂಡ ನನ್ನ ಮುಖ ನೋಡಿದರು.

ಮಗಳು ನನ್ನ ನೈಟಿ ಜಗ್ಗಿದಳು. ತೆರೆದ ಬಾಗಿಲ ಕಡೆ ಬೆರಳು ಮಾಡಿ, "ಕೆಂಪು ಆಂಟಿ ಬತ್ತಾಳೆ. ಅಮ್ಮ, ಚಿಲಕ" ಅಂದಳು.

ಅಂಗಳದಲ್ಲಿ ತಂತಿಯ ಮೇಲೆ ಸೀರೆ ಒಣಗುತ್ತಿತ್ತು. ನಾನು ಎದ್ದು ಹೋಗಿ ಚಿಲಕ ಹಾಕಿದೆ.